ಸ್ಪ್ರೇ ಮಷಿನ್ ಪೆಟ್ರೋಲ್ ಸೋರಿಕೆ: ಕಾಕ್ ಮುಚ್ಚಿದರೆ ಸಾಕಾ, ನೀಡಲ್ ಬದಲಿಸಬೇಕಾ?

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು 163 ಸಿಸಿಯ ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಇದೆ. ಮಳೆಗಾಲದಲ್ಲಿ ಎರಡು ಮೂರು ಸಲ ಕೆಲಸ, ಆಮೇಲೆ ಏಳೆಂಟು ತಿಂಗಳು ಅದು ಕೊಟ್ಟಿಗೆ ಮೂಲೆಯಲ್ಲೇ. ಎರಡು ವರ್ಷದ ಹಿಂದೆ ಮೇ ಕೊನೆಗೆ ಹೊರಗೆ ತೆಗೆದು ಹಗ್ಗ ಎಳೆದರೆ ಅಲ್ಲಾಡಲೇ ಇಲ್ಲ. ಪ್ಲಗ್ ಬಿಚ್ಚಿ ಎಳೆದೆ, ತೂತಿನಿಂದ ಪೆಟ್ರೋಲ್ ಚಿಮ್ಮಿತು. ಆಯಿಲ್ ಕಡ್ಡಿ ತೆಗೆದು ನೋಡಿದರೆ ಮಟ್ಟ ಏರಿದೆ, ನೀರಿನ ಹಾಗೆ ತೆಳ್ಳಗಾಗಿದೆ, ಪೆಟ್ರೋಲ್ ವಾಸನೆ ಬೇರೆ.

ಆಗಿದ್ದು ಇಷ್ಟೇ. ಟ್ಯಾಂಕು ಕಾರ್ಬೊರೇಟರ್‌ಗಿಂತ ಮೇಲಿದೆ, ಪೆಟ್ರೋಲ್ ನಿಲ್ಲಿಸುವ ಕಾಕ್ ತೆರೆದೇ ಇತ್ತು. ಕಾರ್ಬೊರೇಟರ್ ಒಳಗೆ ಪೆಟ್ರೋಲ್ ನಿಲ್ಲುವ ಬಟ್ಟಲಿದೆ, ಅದು ತುಂಬುತ್ತಲೇ ತೇಲುವ ಫ್ಲೋಟ್ ಮೇಲೆದ್ದು ನೀಡಲ್ ಎಂಬ ಸೂಜಿಯನ್ನು ಒತ್ತಿ ಪೆಟ್ರೋಲ್ ಬರುವ ದಾರಿ ಮುಚ್ಚುತ್ತದೆ. ಆ ನೀಡಲ್ ಸರಿಯಾಗಿ ಕೂರದಿದ್ದರೆ ಬಟ್ಟಲು ತುಂಬಿ, ಜೆಟ್ ಎಂಬ ಸಣ್ಣ ತೂತಿನ ಮೂಲಕ ಪೆಟ್ರೋಲ್ ಸಿಲಿಂಡರ್‌ಗೆ ಹೋಗಿ, ರಿಂಗ್ ಸಂದಿಯಲ್ಲಿ ಆಯಿಲ್‌ಗೆ ಇಳಿಯುತ್ತದೆ. ಆ ಆಯಿಲ್‌ನಲ್ಲೇ ಓಡಿಸಿದರೆ ಎಂಜಿನ್ ಸವೆದು ಹೋಗುತ್ತದೆ. ನಾನು ಪೂರ್ತಿ ಬಸಿದು ಹೊಸದು ಹಾಕಿದೆ, ಸುಮಾರು 600 ಎಂ.ಎಲ್. ಹಿಡಿಯಿತು. ಪಕ್ಕದಲ್ಲೇ ಹುಲ್ಲು ಪೇರಿಸಿದ್ದೆವು, ಒಂದು ಕಿಡಿ ಸಾಕಿತ್ತು. ನೀವು ಪ್ಲಗ್ ಬಿಚ್ಚಿ ಎಳೆಯುವುದಾದರೆ ಮಷಿನ್ ಬಯಲಿಗೆ ತನ್ನಿ, ಸ್ವಿಚ್ ಆಫ್ ಇರಲಿ, ಪ್ಲಗ್ ವೈರನ್ನು ದೂರ ಕಟ್ಟಿ.

ಅಲ್ಲಿಂದ ಎರಡು ಸೀಸನ್ ಒಂದೊಂದೇ ಉಪಾಯ ಮಾಡಿ ನೋಡಿದ್ದೇನೆ.

ಮೊದಲನೆಯದು, ಬರೀ ಕಾಕ್ ಮುಚ್ಚುವುದು. ಖರ್ಚಿಲ್ಲ, ದಿನದ ಕೆಲಸಕ್ಕೆ ಇದು ಸಾಕು. ಜೀಪಿನಲ್ಲಿ ಒಯ್ಯುವಾಗಲಂತೂ ಮುಚ್ಚಲೇಬೇಕು, ಕುಲುಕಿಗೆ ಫ್ಲೋಟ್ ಕುಣಿದು ನೀಡಲ್ ತೆರೆದುಕೊಳ್ಳುತ್ತದೆ. ಆದರೆ ತಿಂಗಳುಗಟ್ಟಲೆ ಇಡುವುದಾದರೆ ಸಾಲದು. ಈ ಥರದ ಎಂಜಿನ್‌ನಲ್ಲಿ ಕಾಕ್ ಇರುವುದು ಕಾರ್ಬೊರೇಟರ್ ಬುಡದಲ್ಲಿ. ಅದರ ಮೇಲಿನ ಪೈಪಿನಲ್ಲಿ ಪೆಟ್ರೋಲ್ ಸದಾ ನಿಂತೇ ಇರುತ್ತದೆ, ಪೈಪ್ ಬಿರಿದರೆ ಕಾಕ್ ಮುಚ್ಚಿಯೂ ಪ್ರಯೋಜನವಿಲ್ಲ ಅಲ್ವಾ? ನನಗೆ ಹಾಗೇ ಆಯಿತು. ಪೇಟೆಯಲ್ಲಿ ಸಿಕ್ಕಿದ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಹಾಕಿಸಿದ್ದೆ. ಒಂದೇ ವರ್ಷಕ್ಕೆ ಹಳದಿಯಾಗಿ, ಕಡ್ಡಿಯ ಹಾಗೆ ಗಟ್ಟಿಯಾಗಿ, ಕ್ಲಿಪ್ ಹತ್ತಿರ ಸೀಳಿತು. ಈಗ ಪೆಟ್ರೋಲ್‌ಗೆಂದೇ ಬರುವ ಕಪ್ಪು ರಬ್ಬರ್ ಪೈಪ್ ಹಾಕಿದ್ದೇನೆ, ಟ್ಯಾಂಕಿನ ಬುಡದಲ್ಲೇ ಇನ್ನೊಂದು ಸಣ್ಣ ಕಾಕ್ ಕೂರಿಸಿದ್ದೇನೆ. ದುಡ್ಡು ಕೊಟ್ಟು ತಂದದ್ದರಲ್ಲಿ ನನಗೆ ಜಾಸ್ತಿ ನೆಮ್ಮದಿ ಕೊಟ್ಟಿದ್ದು ಈ ಸಣ್ಣ ಕಾಕೇ.

ಎರಡನೆಯದು, ಕಾಕ್ ಮುಚ್ಚಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸುವುದು. ಸುಲಭ. ಆದರೆ ನಿಂತ ಮೇಲೂ ಬಟ್ಟಲಿನ ತಳದಲ್ಲಿ ಸ್ವಲ್ಪ ಉಳಿಯುತ್ತದೆ, ಬಿಚ್ಚಿ ನೋಡಿದಾಗ ಗೊತ್ತಾಯಿತು. ಅದಕ್ಕೇ ಸೀಸನ್ ಮುಗಿದಾಗ ಟ್ಯಾಂಕ್ ಖಾಲಿ ಮಾಡಿ, ಓಡಿಸಿ ನಿಲ್ಲಿಸಿ, ಎಂಜಿನ್ ಆರಿದ ಮೇಲೆ ಬಟ್ಟಲಿನ ಡ್ರೈನ್ ಸ್ಕ್ರೂ ಬಿಚ್ಚಿ ಬಸಿಯುತ್ತೇನೆ. ಐದು ನಿಮಿಷದ ಕೆಲಸ. ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು, ಈಗ ನಮ್ಮ ಬಂಕಿನಲ್ಲೂ ಅದೇ. ಅದರಲ್ಲಿನ ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಲೆನಾಡಿನ ತೇವದಲ್ಲಿ ಅದನ್ನು ಬಟ್ಟಲಲ್ಲಿ ಬಿಟ್ಟರೆ ಕಿಟ್ಟ ಕಟ್ಟುತ್ತದೆ, ಆ ಕಿಟ್ಟದ ಚೂರು ನೀಡಲ್ ಕೆಳಗೆ ಸಿಕ್ಕಿಕೊಂಡರೆ ಮತ್ತೆ ಓವರ್‌ಫ್ಲೋ.

ಆದರೆ ನೀಡಲ್ಲೇ ಸವೆದಿದ್ದರೆ ಎಷ್ಟು ಬಸಿದರೂ ಓಡಿಸುವಾಗ ಸೋರುತ್ತದೆ. ಮೆಕ್ಯಾನಿಕ್ ಅಣ್ಣ ಸ್ಕ್ರೂಡ್ರೈವರ್ ಹಿಡಿಯಿಂದ ಬಟ್ಟಲಿಗೆ ಎರಡು ತಟ್ಟಿ ನಿಲ್ಲಿಸಿದ್ದರು, ಕಸ ಸಿಕ್ಕಿದ್ದರೆ ಅದು ಆ ಹೊತ್ತಿಗೆ ಆದೀತು. ನನ್ನದು ಎರಡು ಟ್ಯಾಂಕ್ ಓಡಿ ಮತ್ತೆ ಶುರುವಾಯಿತು. ಆಮೇಲೆ ತೊಳೆದು ಹಾಕಿದೆ, ಹದಿನೈದು ದಿನ ಬಂತು. ಬೆಳಕಿಗೆ ಹಿಡಿದು ನೋಡಿದರೆ ನೀಡಲ್‌ನ ರಬ್ಬರ್ ತುದಿಯಲ್ಲಿ ಉಂಗುರದ ಹಾಗೆ ಗೆರೆ ಬಿದ್ದಿತ್ತು. ಗೆರೆ ಬಿದ್ದ ನೀಡಲ್ ತೊಳೆದು ಏನೂ ಆಗದು, ಬದಲಿಸಲೇಬೇಕು. ಒರಿಜಿನಲ್ ನೀಡಲ್ ಹಾಕಿದ ಮೇಲೆ ಈವರೆಗೆ ಒಂದು ಹನಿ ಸೋರಿಲ್ಲ.

ನಡುವೆ ಒಂದು ಪೂರ್ತಿ ಡೂಪ್ಲಿಕೇಟ್ ಕಾರ್ಬೊರೇಟರನ್ನೂ ತಂದು ಹಾಕಿ ನೋಡಿದೆ. ಸೋರಿಕೆ ನಿಂತಿತು, ನಿಜ. ಆದರೆ ಎಂಜಿನ್ ವೇಗ ಒಂದೇ ಸಮ ಇಡುವ ಗವರ್ನರ್ ಕಡ್ಡಿ ಸರಿಯಾಗಿ ಹೊಂದಲಿಲ್ಲ, ಎಂಜಿನ್ ಏರಿಳಿಯುತ್ತಿತ್ತು, ಔಷಧಿ ಹೊಡೆಯುವ ಉದ್ದ ದೋಟಿಯ ತುದಿಯಲ್ಲಿ ಒತ್ತಡ ನಿಲ್ಲುತ್ತಿರಲಿಲ್ಲ. ಒಳಗೆ ತುಕ್ಕು ಹಿಡಿದು ಹಳೆಯದು ಪೂರ್ತಿ ಹೋಗಿದ್ದರೆ ಮಾತ್ರ ಅದರ ಕಡೆ ನೋಡಿ.

ನೀಡಲ್ ತರುವ ಮೊದಲು ಹೀಗೆ ಪರೀಕ್ಷೆ ಮಾಡಿ. ಕಾರ್ಬೊರೇಟರ್ ಬಿಚ್ಚಿ, ಬಟ್ಟಲು ತೆಗೆದು, ತಲೆಕೆಳಗೆ ಹಿಡಿದರೆ ಫ್ಲೋಟ್ ತನ್ನ ಭಾರದಿಂದ ನೀಡಲನ್ನು ಒತ್ತುತ್ತದೆ. ಪೆಟ್ರೋಲ್ ಬರುವ ಮೂತಿಗೆ ಶುದ್ಧ ಪೈಪ್ ತುಂಡು ಸಿಕ್ಕಿಸಿ ಮೆಲ್ಲಗೆ ಊದಿ. ಗಾಳಿ ಹೋಗಬಾರದು. ಹೋದರೆ ನೀಡಲ್ ಇಲ್ಲವೇ ಅದು ಕೂರುವ ಜಾಗ ಕೆಟ್ಟಿದೆ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಕುಲುಕುವ ಸದ್ದು ಬಂದರೆ ಅದು ತೂತಾಗಿದೆ, ಅದನ್ನೂ ಬದಲಿಸಿ.

ಕಳೆ ಕೊಚ್ಚುವ ಮಷಿನ್ನಿಗೆ ಈ ಲೆಕ್ಕ ಬಾರದು. ಅದರಲ್ಲಿ ಫ್ಲೋಟ್ ಇಲ್ಲ, ತೆಳು ರಬ್ಬರ್ ಹಾಳೆ ಇರುತ್ತದೆ, ಅದಕ್ಕೇ ಹೇಗೆ ಓರೆ ಹಿಡಿದರೂ ಓಡುತ್ತದೆ. ನಮ್ಮದರಲ್ಲಿ ಸೋರಿದ್ದು ಸ್ಟಾರ್ಟ್ ಮಾಡುವ ಮೊದಲು ಪೆಟ್ರೋಲ್ ಎಳೆಯಲು ಒತ್ತುವ ಗುಳ್ಳೆಯಿಂದ. ಬಿಸಿಲಿಗೆ ಗಟ್ಟಿಯಾಗಿ ಬುಡದಲ್ಲಿ ಬಿರುಕು ಬಿಟ್ಟಿತ್ತು, ಹೊಸ ಗುಳ್ಳೆ ಹಾಕಿದ ಕೂಡಲೇ ನಿಂತಿತು.