ಲೂರ್ ಕಟ್ಟುವವರೇ, ಆ ಐದು ಪ್ಲೇಯರ್‌ಗಳ ಸೆಟ್ ಮಾತ್ರ ತಗೋಬೇಡಿ

ಲೂರ್ ಅಂದರೆ ಮೀನನ್ನು ಗಾಳಕ್ಕೆ ಸೆಳೆಯುವ ಹುಸಿ ಎರೆ. ಅದನ್ನು ಕಟ್ಟುವುದಕ್ಕೆ ಅಂತ ಆನ್‌ಲೈನ್‌ನಲ್ಲಿ ಒಂದು ಸೆಟ್ ಸಿಗುತ್ತದೆ. ಬಣ್ಣದ ರಬ್ಬರ್ ಹಿಡಿಯ ಐದು ಪುಟ್ಟ ಪ್ಲೇಯರ್‌ಗಳು (ಇಕ್ಕಳಗಳು), ಜಿಪ್ ಇರುವ ಕಪ್ಪು ಪೌಚ್, ಬೆಲೆ ಐನೂರರ ಒಳಗೆ. ದುಂಡು ಮೂತಿಯ ರೌಂಡ್ ನೋಸ್, ಚಪ್ಪಟೆ ಮೂತಿಯ ಫ್ಲಾಟ್ ನೋಸ್, ಬಾಗಿದ ಮೂತಿಯದು, ಕಟ್ಟರ್, ಎಲ್ಲ ಇದೆ. ಕೆಳಗೆ ‘ಆಭರಣ, ಕರಕುಶಲ, ಫಿಶಿಂಗ್ ಲೂರ್, ಸ್ಟೀಲ್ ತಂತಿ ಎಲ್ಲಕ್ಕೂ’ ಅಂತ ಬರೆದಿರುತ್ತಾರೆ. ಮನೆಯಲ್ಲೇ ಲೂರ್ ಕಟ್ಟಬೇಕು ಅನ್ನುವವರ ಕೈ ಮೊದಲು ಹೋಗುವುದು ಇದರ ಮೇಲೇ. ದಯವಿಟ್ಟು ಬೇಡ. ಮಣಿಸರ ಪೋಣಿಸುವುದಾದರೆ ಧಾರಾಳವಾಗಿ ತಗೊಳ್ಳಿ. ಗಾಳದ ಕೆಲಸಕ್ಕೆ ಮಾತ್ರ ಬೇಡ.

ನಾನು ಕಟ್ಟುವುದು ಇನ್‌ಲೈನ್ ಸ್ಪಿನ್ನರ್ ಅನ್ನುವ ಲೂರ್. ಒಂದು ನೇರ ತಂತಿ, ಅದರ ಮೇಲೆ ಗಿರಗಿರ ತಿರುಗುವ ಹಿತ್ತಾಳೆಯ ತಗಡು, ಭಾರಕ್ಕೆ ಹಿತ್ತಾಳೆ ಮಣಿ, ಹಿಂದೆ ಮೂರು ಮುಳ್ಳಿನ ಗಾಳ. ತಂತಿಯ ಎರಡೂ ತುದಿಗೆ ಒಂದೊಂದು ಕುಣಿಕೆ. ಮೀನು ಎಳೆಯುವಾಗ ಪೂರ್ತಿ ಜಗ್ಗು ಬೀಳುವುದು ಆ ಕುಣಿಕೆಗಳ ಮೇಲೆ. ಹಾಗಾಗಿ ಬಳಸುವ ತಂತಿ 0.9 ಮಿ.ಮೀ. ದಪ್ಪದ ಸ್ಪ್ರಿಂಗ್ ಸ್ಟೇನ್‌ಲೆಸ್. ಕಟ್ಟಡದವರ ಬೈಂಡಿಂಗ್ ವೈರ್ ತರಹ ಹೇಳಿದ ಮಾತು ಕೇಳುವ ತಂತಿ ಅಲ್ಲ ಇದು. ಬಗ್ಗಿಸಿ ಬಿಟ್ಟರೆ ಒಂದಷ್ಟು ವಾಪಸ್ ಬರುತ್ತದೆ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಬಗ್ಗಿಸಿದರೇ ಸರಿಯಾಗಿ ಕೂರುವುದು.

ಆ ಸೆಟ್ ನಾನೂ ತಗೊಂಡಿದ್ದೆ. ಮೊದಲು ಹೋಗಿದ್ದು ಕಟ್ಟರ್. ತಂತಿ ಬಾಯಿಗೆ ಕೊಟ್ಟು ಅದುಮಿದೆ, ‘ಟಕ್’ ಅಂತ ಸದ್ದಾಯಿತು. ತುಂಡಾಗಿದ್ದು ತಂತಿ ಅಲ್ಲ, ಕಟ್ಟರ್‌ನ ಅಂಚು. ಅಕ್ಕಿಕಾಳಿನ ಅರ್ಧದಷ್ಟು ಚೂರು ಹಾರಿ ಬಂದು ನನ್ನ ಕನ್ನಡಕದ ಬಲಗಾಜಿಗೆ ಹೊಡೆಯಿತು. ಗೀರು ಈಗಲೂ ಇದೆ. ಕನ್ನಡಕ ಇಲ್ಲದಿದ್ದರೆ ಆ ಗೀರು ಎಲ್ಲಿರುತ್ತಿತ್ತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಆದರೂ ಕಟ್ಟರ್ ಒಂಥರಾ ಪ್ರಾಮಾಣಿಕ. ಮುರಿದಿದ್ದು ಕಣ್ಣಿಗೆ ಕಾಣುತ್ತದೆ, ಎತ್ತಿಡಬಹುದು. ನಿಜವಾಗಿ ಮೋಸ ಮಾಡಿದ್ದು ಫ್ಲಾಟ್ ನೋಸ್. ಫೋಟೊದಲ್ಲಿ ಅದರ ಬಾಯಿ ನಯವಾಗಿತ್ತು. ಮನೆಗೆ ಬಂದಿದ್ದರ ಬಾಯೊಳಗೆ ಸಣ್ಣ ಸಣ್ಣ ಹಲ್ಲು. ಸ್ಪ್ರಿಂಗ್ ತಂತಿ ಜಾರಬಾರದು ಅಂದರೆ ಬಿಗಿಯಾಗಿ ಹಿಡಿಯಲೇಬೇಕು. ಬಿಗಿಯಾಗಿ ಹಿಡಿದಷ್ಟೂ ಹಲ್ಲು ತಂತಿಯಲ್ಲಿ ಊರುತ್ತದೆ. ಮೇಜಿನ ಮೇಲೆ ಇಟ್ಟು ನೋಡಿದರೆ ಲೂರ್ ಫಳಫಳ ಅನ್ನುತ್ತದೆ, ಏನೂ ಗೊತ್ತಾಗುವುದಿಲ್ಲ. ಮೊಬೈಲ್ ಕ್ಯಾಮೆರಾ ಝೂಮ್ ಮಾಡಿದಾಗ ಕುಣಿಕೆಯ ಬುಡದಲ್ಲಿ ಸಾಲಾಗಿ ಅಡ್ಡಗೀರುಗಳು ಕಂಡವು. ತಂತಿ ಬಗ್ಗುವ ಜಾಗವೂ ಅದೇ, ಜಗ್ಗು ಬೀಳುವ ಜಾಗವೂ ಅದೇ.

ಝೂಮ್ ಮಾಡಿ ನೋಡುವ ಹೊತ್ತಿಗೆ ಕಾಲ ಮಿಂಚಿತ್ತು ಬಿಡಿ. ಕುಂದಾಪುರದ ಕೋಡಿ ಕಡಲತೀರದಲ್ಲಿ ಅಲೆ ತಡೆಗೋಡೆಯ ಕಲ್ಲುಗಳಿವೆ. ಇಳಿತದ ಹೊತ್ತಿಗೆ ಅಲ್ಲಿ ನಿಂತು ಎಸೆಯುತ್ತಿದ್ದೆ. ಕೆಂಬೇರಿ ಮೀನು ಹಿಡಿಯಿತು. ಕೆಂಬೇರಿಯ ಬುದ್ಧಿ ಗೊತ್ತಿರುವವರಿಗೆ ಗೊತ್ತು, ಕಚ್ಚಿದ ಕೂಡಲೇ ಕಲ್ಲಿನ ಸಂದಿಗೆ ನುಗ್ಗುತ್ತದೆ. ಮೊದಲ ಒಂದೆರಡು ಕ್ಷಣ ತಡೆದು ನಿಲ್ಲಿಸಿದರೆ ಮೀನು ನಮ್ಮದು. ತಡೆದೆ. ರಾಡ್ ಬಗ್ಗಿತು, ಆಮೇಲೆ ಒಮ್ಮೆಲೇ ನೆಟ್ಟಗಾಯಿತು. ದಾರ ತುಂಡಾಗಿರಬೇಕು ಅಂದುಕೊಂಡು ಸುತ್ತಿದರೆ ಸ್ಪಿನ್ನರ್‌ನ ಮುಂದಿನ ಕುಣಿಕೆ ಮಾತ್ರ ದಾರದ ತುದಿಯ ಸ್ನ್ಯಾಪ್‌ನಲ್ಲಿ (ಲೂರ್ ಸಿಕ್ಕಿಸುವ ಕೊಂಡಿ) ನೇತಾಡಿಕೊಂಡು ಬಂತು. ಮಿಕ್ಕಿದ್ದೆಲ್ಲ ಮೀನಿನ ಬಾಯಲ್ಲೇ ಹೋಯಿತು. ಮೀನು ತಪ್ಪಿದ್ದಕ್ಕಿಂತ, ಆ ಪ್ರಾಣಿ ಮೂರು ಮುಳ್ಳು ಕಚ್ಚಿಕೊಂಡು ತಿರುಗಬೇಕಲ್ಲ ಅನ್ನುವುದೇ ಜಾಸ್ತಿ ಬೇಜಾರು.

ಮುರಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದು ಅಂಚಿನಲ್ಲಿ ಕಂದು ಬಣ್ಣ, ಉಳಿದ ಭಾಗ ಹೊಸದಾಗಿ ಹರಿದ ಬೆಳ್ಳಿ ಬಣ್ಣ. ಅಂದರೆ ಬಿರುಕು ಆವತ್ತು ಬಿಟ್ಟಿದ್ದಲ್ಲ. ಹಲ್ಲಿನ ಗೀರಿನಲ್ಲಿ ಮೊದಲೇ ಶುರುವಾಗಿ, ಪ್ರತಿ ಎಸೆತಕ್ಕೂ ಚೂರು ಚೂರು ಒಳಗೆ ಹೋಗಿ, ಉಪ್ಪುನೀರು ಅಲ್ಲಿ ಕೂತು ತುಕ್ಕು ಹಿಡಿದಿತ್ತು. ಸ್ಟೇನ್‌ಲೆಸ್‌ಗೆ ತುಕ್ಕು ಬರುವುದಿಲ್ಲ ಅನ್ನುವುದು ಅಡುಗೆಮನೆಯ ಮಾತು. 304 ದರ್ಜೆಯ ತಂತಿಗೆ ಸಮುದ್ರದ ನೀರಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹಿಡಿಯುತ್ತದೆ. 316 ಇನ್ನಷ್ಟು ತಡೆಯುತ್ತದೆ, ಆದರೆ ಗೀರು ಬಿದ್ದರೆ ಅದಕ್ಕೂ ಕಷ್ಟವೇ. ಸಾಲದ್ದಕ್ಕೆ, ಅಗ್ಗದ ಪ್ಲೇಯರ್‌ನ ಕಬ್ಬಿಣದ ಪುಡಿ ತಂತಿಗೆ ಮೆತ್ತಿಕೊಂಡರೆ ತುಕ್ಕು ಅಲ್ಲಿಂದಲೇ ಶುರು.

ಮಾರಿದವರಿಗೆ ಫೋಟೊ ಸಮೇತ ಬರೆದೆ. ‘ಬಳಸಿದ ವಸ್ತುವಿಗೆ ವಾಪಸಾತಿ ಇಲ್ಲ’ ಅಂತ ಒಂದು ಸಾಲಿನ ಉತ್ತರ ಬಂತು. ಬಳಸದೆ ಗೊತ್ತಾಗುವುದು ಹೇಗೆ ಅಂತ ಕೇಳಿದ್ದಕ್ಕೆ ಉತ್ತರವೇ ಇಲ್ಲ.

ಸೆಟ್ ತಗೊಂಡು ಪರಿಚಯದ ಅಕ್ಕಸಾಲಿ ಆಚಾರ್ರ ಹತ್ತಿರ ಹೋದೆ. ಅವರು ರೌಂಡ್ ನೋಸ್ ಎತ್ತಿ ಎರಡು ಹಿಡಿಯನ್ನು ಎಡಬಲಕ್ಕೆ ಅಲ್ಲಾಡಿಸಿದರು. ಕೀಲು ಲಟಲಟ ಅಂತು. "ಇದ್ ಮಣಿ ಪೋಣ್ಸುಕ್ ಅಡ್ಡಿಲ್ಲ ಮಾರಾಯ್ರೆ, ಈ ತಂತಿಗ್ ಆಪ್ದಲ್ಲ" ಅಂದರು. ಕೀಲು ಸಡಿಲ ಇದ್ದರೆ ಗಟ್ಟಿ ತಂತಿ ಬಗ್ಗಿಸುವಾಗ ಎರಡು ಮೂತಿ ಒಂದರ ಮೇಲೊಂದು ಸರಿಯುತ್ತವೆ. ಕುಣಿಕೆ ದುಂಡಗೆ ಬರುವ ಬದಲು ಸೊಟ್ಟ ಬರುತ್ತದೆ. ಆಗ ನಾವು ಏನು ಮಾಡುತ್ತೇವೆ? ಬಿಚ್ಚಿ ಮತ್ತೆ ಬಗ್ಗಿಸುತ್ತೇವೆ. ಸ್ಪ್ರಿಂಗ್ ತಂತಿಯನ್ನು ಅದೇ ಜಾಗದಲ್ಲಿ ಎರಡನೇ ಸಲ ಬಗ್ಗಿಸಿದರೆ ಅದರ ಆಯಸ್ಸು ಅಲ್ಲೇ ಅರ್ಧ ಮುಗಿದ ಹಾಗೆ. ಸೊಟ್ಟ ಬಂದರೆ ಆ ತುದಿ ಕತ್ತರಿಸಿ ಹಾಕಿ, ತಂತಿ ಅಗ್ಗ.

ಹಾಗಾದರೆ ಏನು ತಗೋಬೇಕು? ಐದು ಬೇಡ, ಮೂರು ಸಾಕು, ಅದೂ ಬಿಡಿಬಿಡಿಯಾಗಿ. ಸಾಧ್ಯವಾದರೆ ಅಂಗಡಿಗೇ ಹೋಗಿ, ಜೇಬಲ್ಲಿ ನಿಮ್ಮ ತಂತಿಯ ತುಂಡು ಇರಲಿ. ರೌಂಡ್ ನೋಸ್ ಐದಾರು ಇಂಚು ಉದ್ದದ್ದು ಇರಲಿ, ಅಂಗೈಯಷ್ಟು ಚಿಕ್ಕದು ಬೇಡ. ಬಾಯಿ ಮುಚ್ಚಿ ಬೆಳಕಿಗೆ ಹಿಡಿದಾಗ ತುದಿಗಳು ಒಂದಕ್ಕೊಂದು ಸರಿಯಾಗಿ ಕೂರಬೇಕು. ಆಚಾರ್ರು ಮಾಡಿದ ಹಾಗೆ ಅಲ್ಲಾಡಿಸಿಯೂ ನೋಡಿ. ಫ್ಲಾಟ್ ನೋಸ್‌ನ ಬಾಯೊಳಗೆ ಉಗುರು ಆಡಿಸಿ, ತರಿತರಿ ಸಿಕ್ಕಿದರೆ ವಾಪಸ್ ಇಡಿ. ‘ಕ್ರೋಮ್ ವೆನೇಡಿಯಂ’ (ಗಟ್ಟಿ ಜಾತಿಯ ಉಕ್ಕು) ಅಂತ ಅಚ್ಚು ಇದೆ ಅಂತ ನಂಬಬೇಡಿ, ನನ್ನ ಸೆಟ್ ಮೇಲೂ ಇತ್ತು. ಕಟ್ಟರ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಒಳ್ಳೆ ಕಂಪನಿಗಳು ಮೆತ್ತನೆ ತಂತಿಗೆ ಎಷ್ಟು ಮಿ.ಮೀ., ಗಟ್ಟಿ ತಂತಿಗೆ ಎಷ್ಟು, ಇನ್ನೂ ಗಟ್ಟಿಯಾದ ಪಿಯಾನೊ ತಂತಿಗೆ ಎಷ್ಟು ಅಂತ ಬೇರೆ ಬೇರೆ ಬರೆದಿರುತ್ತವೆ. ಏನೂ ಬರೆದಿಲ್ಲ ಅಂದರೆ ಅದು ತಾಮ್ರದ ತಂತಿಗೆ ಅಂತ ತಿಳಿಯಿರಿ. ಎಂಥ ಕಟ್ಟರ್ ಆದರೂ ತುಂಡಾಗುವ ತುದಿಯನ್ನು ಬಟ್ಟೆಯಲ್ಲಿ ಹಿಡಿದು, ನೆಲದ ಕಡೆ ಮಾಡಿ ಕತ್ತರಿಸಿ. ಕಣ್ಣಿಗೆ ಕನ್ನಡಕ ಇರಲಿ. ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ಆಮೇಲೆ ನೆಲದ ಮೇಲೆ ಅಯಸ್ಕಾಂತ ಆಡಿಸಿ. ಗಟ್ಟಿಯಾಗಿ ಎಳೆದ ಸ್ಟೇನ್‌ಲೆಸ್ ತಂತಿ ಅಯಸ್ಕಾಂತಕ್ಕೆ ಅಲ್ಪಸ್ವಲ್ಪ ಅಂಟುತ್ತದೆ.

ಕುಣಿಕೆ ಸುತ್ತುವಾಗ ರೌಂಡ್ ನೋಸ್‌ನ ಚೂಪು ತುದಿಯಲ್ಲಿ ಹಿಡಿಯಬೇಡಿ. ಮೂತಿ ಸುಮಾರು 3 ಮಿ.ಮೀ. ದಪ್ಪ ಇರುವ ಕಡೆ ಮಾರ್ಕರ್‌ನಿಂದ ಒಂದು ಗೆರೆ ಹಾಕಿ, ಯಾವಾಗಲೂ ಅಲ್ಲೇ ಹಿಡಿಯಿರಿ. ಎಲ್ಲ ಕುಣಿಕೆಯೂ ಒಂದೇ ಅಳತೆಗೆ ಬರುತ್ತವೆ, ತಂತಿಗೂ ಮಡಿಕೆ ಬೀಳುವುದಿಲ್ಲ.

ಗ್ಯಾಸ್ ಒಲೆಯಲ್ಲಿ ಕೆಂಪಗೆ ಕಾಯಿಸಿದರೆ ಸುಲಭವಾಗಿ ಬಗ್ಗುತ್ತದೆ ಅಂತ ಹೇಳುವವರಿದ್ದಾರೆ. ಬಗ್ಗುತ್ತದೆ ನಿಜ. ಆಮೇಲೆ ಮೀನು ಎಳೆದಾಗಲೂ ಅಷ್ಟೇ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಈ ತಂತಿಗೆ ಸ್ಪ್ರಿಂಗ್ ಗುಣ ಬಂದಿರುವುದು ತಣ್ಣಗೇ ಎಳೆದು ಎಳೆದು. ಕಾಯಿಸಿ ನೀರಲ್ಲಿ ಅದ್ದಿದರೆ ಆ ಗುಣ ವಾಪಸ್ ಬರುವುದಿಲ್ಲ.

ಇದೇ ತರಹದ ಸೆಟ್‌ನಲ್ಲಿ ಈಗಾಗಲೇ ಲೂರ್ ಕಟ್ಟಿ ಡಬ್ಬಿ ತುಂಬಿಸಿದವರು ಒಂದು ಚಿಟಿಕೆ ಹತ್ತಿ ತಗೊಂಡು ಪ್ರತಿ ಕುಣಿಕೆಯ ಸುತ್ತ ಉಜ್ಜಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಗೀರು ಇದೆ ಅಂತಲೇ ಅರ್ಥ. ತಗಡು, ಮಣಿ, ಗಾಳ ಬಿಚ್ಚಿಟ್ಟುಕೊಂಡು ತಂತಿ ಬಿಸಾಡಿ.