ಕ್ಯಾಕ್ಟೈ: ಗ್ರಾಫಿನ ಖಾಲಿ ಜಾಗ ಸೊನ್ನೆಯಲ್ಲ

ಕುಂದಾಪುರ ಮೂಲದ ಮಾಲೀಕರೊಬ್ಬರು ಮುಂಬೈಯ ಮಾಟುಂಗಾದಿಂದ ಡೊಂಬಿವಲಿಯವರೆಗೆ ನಡೆಸುವ ಆರು ಹೋಟೆಲುಗಳ ಬಿಲ್ಲಿಂಗ್ ಯಂತ್ರಗಳನ್ನೂ ಕ್ಯಾಮೆರಾಗಳನ್ನೂ, ಅವಕ್ಕೆಲ್ಲ ಹಿಟ್ಟು ಮತ್ತು ಸಾಂಬಾರು ಕಳುಹಿಸುವ ಭಾಂಡುಪ್‌ನ ಅಡುಗೆ ಕೇಂದ್ರವನ್ನೂ ಜೋಡಿಸಿರುವ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ಅದರ ಮೇಲೆ ಕಣ್ಣಿಡಲು ಮೂರು ವರ್ಷಗಳಿಂದ ಕ್ಯಾಕ್ಟೈ ಎಂಬ ಉಚಿತ ತಂತ್ರಾಂಶವನ್ನು ಹಳೆಯ ಕಂಪ್ಯೂಟರೊಂದರಲ್ಲಿ ಓಡಿಸುತ್ತಿದ್ದೇನೆ. 2001ರಲ್ಲಿ ಮೊದಲ ಬಾರಿಗೆ ಬಿಡುಗಡೆಯಾದ ಈ ತಂತ್ರಾಂಶ ಪ್ರತಿ ಐದು ನಿಮಿಷಕ್ಕೊಮ್ಮೆ ರೌಟರ್ ಮತ್ತು ಸ್ವಿಚ್‌ಗಳಿಂದ ಎಸ್‌ಎನ್‌ಎಂಪಿ (ನೆಟ್‌ವರ್ಕ್ ಉಪಕರಣಗಳಿಂದ ಮಾಹಿತಿ ಕೇಳುವ ನಿಯಮಾವಳಿ) ಮೂಲಕ ಅಂಕಿಗಳನ್ನು ಕೇಳಿ ಪಡೆಯುತ್ತದೆ, ಅವನ್ನು ಕಾಲಕ್ರಮದ ಅಂಕಿಗಳನ್ನು ಕಾಪಿಡುವ ಆರ್‌ಆರ್‌ಡಿಟೂಲ್ ಎಂಬ ತಂತ್ರಾಂಶದ ಕಡತಗಳಲ್ಲಿ ಇಟ್ಟು ಗ್ರಾಫ್ ಬರೆಯುತ್ತದೆ. ಸ್ಥಾಪನೆ, ಬಳಕೆದಾರರ ಖಾತೆಗಳು, ಪರದೆಯ ಅಂದಚೆಂದ ಇವುಗಳ ಬಗ್ಗೆ ನನಗೆ ಹೆಚ್ಚು ತಕರಾರಿಲ್ಲ. ನಾನು ಇಲ್ಲಿ ಬರೆಯಹೊರಟಿರುವುದು ಗ್ರಾಫಿನ ಗೆರೆ ನಡುನಡುವೆ ಕಡಿದುಹೋಗುವುದರ ಬಗ್ಗೆ, ಏಕೆಂದರೆ ಈ ತಂತ್ರಾಂಶದ ಗುಣವೂ ದೋಷವೂ ಅಲ್ಲಿಯೇ ಕಾಣಿಸುತ್ತವೆ.

ಮೊದಲು ಗುಣವನ್ನು ಹೇಳಬೇಕು. ಅಂಕಿ ಸಿಗದಿದ್ದಾಗ ಕ್ಯಾಕ್ಟೈ ಅದನ್ನು ಸೊನ್ನೆಯೆಂದು ಬರೆಯುವುದಿಲ್ಲ, ‘ತಿಳಿಯದು’ ಎಂದು ಬರೆದು ಆ ಜಾಗವನ್ನು ಖಾಲಿ ಬಿಡುತ್ತದೆ. ಗೆರೆ ಸೊನ್ನೆಗೆ ಇಳಿದಿದ್ದರೆ ದಾರಿಯಲ್ಲಿ ಸಂಚಾರವಿರಲಿಲ್ಲ ಎಂದರ್ಥ. ಗೆರೆಯೇ ಇಲ್ಲದಿದ್ದರೆ ನೋಡುವವನಿಗೆ ಏನೂ ಕಾಣಲಿಲ್ಲ ಎಂದಷ್ಟೇ ಅರ್ಥ. ಆದರೆ ಏಕೆ ಕಾಣಲಿಲ್ಲ ಎಂಬುದನ್ನು ಗ್ರಾಫ್ ಹೇಳುವುದಿಲ್ಲ, ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಕಡತವನ್ನು ನಾವೇ ತೆರೆದು ಹುಡುಕಬೇಕು.

ಕಳೆದ ಮಳೆಗಾಲದ ಒಂದು ಸಂಜೆ ಆರೂ ಹೋಟೆಲುಗಳ ಗ್ರಾಫುಗಳು ಒಂದೇ ಹೊತ್ತಿಗೆ ಕಡಿದುಹೋದವು. “ಎಂತ ಮಾರಾಯ್ರೆ, ಎಲ್ಲ ಕಡೆ ಒಟ್ಟಿಗೇ ಹೋಯ್ತಾ?” ಎಂದು ಮಾಲೀಕರು ಫೋನ್ ಮಾಡಿದಾಗ ಮಾಟುಂಗಾದ ಗಲ್ಲಾಪೆಟ್ಟಿಗೆಯಲ್ಲಿ ಬಿಲ್ಲುಗಳು ಎಂದಿನಂತೆ ಬರುತ್ತಲೇ ಇದ್ದವು. ನಿಜವಾಗಿ ಬಿದ್ದಿದ್ದದ್ದು ಭಾಂಡುಪ್ ಒಂದೇ. ಅಲ್ಲಿ ವಿದ್ಯುತ್ ಹೋಗಿತ್ತು, ಯುಪಿಎಸ್ ಕೈಕೊಟ್ಟಿತ್ತು. ಅಲ್ಲಿನ 24 ಪೋರ್ಟುಗಳ ಸ್ವಿಚ್‌ನಿಂದ, ಒಳಬರುವುದಕ್ಕೊಂದು ಹೊರಹೋಗುವುದಕ್ಕೊಂದು ಎಂದು, ಒಟ್ಟು 48 ಅಂಕಿಗಳನ್ನು ಕೇಳುತ್ತಿದ್ದೆವು. ಪ್ರತಿ ಪ್ರಶ್ನೆಗೆ ಎರಡು ಸೆಕೆಂಡು ಕಾಯುವುದು, ಉತ್ತರ ಬಾರದಿದ್ದರೆ ಒಟ್ಟು ಮೂರು ಸಲ ಕೇಳುವುದು ಎಂದು ನಾನೇ ಉದಾರವಾಗಿ ಹೊಂದಿಸಿದ್ದೆ. ಉಪಕರಣ ಬದುಕಿದೆಯೇ ಎಂದು ಮೊದಲು ಪಿಂಗ್ ಮಾಡಿ ನೋಡುವ ಆಯ್ಕೆಯನ್ನೂ, ಕೆಲವು ರೌಟರ್‌ಗಳು ಪಿಂಗ್‌ಗೆ ಉತ್ತರಿಸುವುದಿಲ್ಲವೆಂದು, ಎಲ್ಲಕ್ಕೂ ತೆಗೆದುಹಾಕಿದ್ದೆ. ಪರಿಣಾಮವಾಗಿ ಸತ್ತ ಸ್ವಿಚ್‌ನ ಬಾಗಿಲಲ್ಲಿ 48ನ್ನು ಆರರಿಂದ ಗುಣಿಸಿದಷ್ಟು, ಅಂದರೆ 288 ಸೆಕೆಂಡು, ಅಂಕಿ ಕೇಳುವ ಭಾಗವಾದ ಪೋಲರ್ ಕಾಯುತ್ತಾ ನಿಂತಿತು. ಐದು ನಿಮಿಷದ ಸುತ್ತಿಗೆ ಕ್ಯಾಕ್ಟೈ ಕೊಡುವ ಗರಿಷ್ಠ ಅವಧಿ 298 ಸೆಕೆಂಡು. ಉಳಿದ ಉಪಕರಣಗಳ ಸರದಿ ಮುಗಿಯುವ ಮೊದಲೇ ಆ ಅವಧಿ ಮೀರಿ ಪೋಲರ್ ನಿಂತುಹೋಯಿತು ಎಂದು ಲಾಗ್‌ನಲ್ಲಿ ಸುತ್ತು ಸುತ್ತಿಗೂ ದಾಖಲಾಗಿತ್ತು.

ಪಿಂಗ್‌ಗೆ ಉತ್ತರಿಸುವ ಉಪಕರಣಗಳಿಗೆ ಆ ಪರೀಕ್ಷೆಯನ್ನು ಮತ್ತೆ ಹಾಕಿದೆ, ಕಾಯುವ ಅವಧಿಯನ್ನು ಅರ್ಧ ಸೆಕೆಂಡಿಗೆ ಇಳಿಸಿದೆ, ಒಂದಾದ ಮೇಲೊಂದು ಕೇಳುವ ಪಿಎಚ್‌ಪಿ ಪೋಲರ್‌ನ ಬದಲು ಹಲವನ್ನು ಏಕಕಾಲಕ್ಕೆ ಕೇಳಬಲ್ಲ ಸ್ಪೈನ್ ಅನ್ನು ಹಾಕಿದೆ. ಅಂದಿನಿಂದ ಒಂದರ ಜ್ವರ ಉಳಿದವಕ್ಕೆ ಅಂಟಿಲ್ಲ. ಎಲ್ಲ ಗ್ರಾಫುಗಳೂ ಒಟ್ಟಿಗೆ ಕಡಿದರೆ ರೋಗವಿರುವುದು ಕ್ಯಾಕ್ಟೈ ಓಡುವ ಯಂತ್ರದಲ್ಲೇ ಎಂದು ನಾನು ಈಗ ಮೊದಲು ನೋಡುತ್ತೇನೆ. ಅದರ ಗಡಿಯಾರವನ್ನೂ ಮರೆಯಬಾರದು: ಕೊನೆಯ ಅಂಕಿಗಿಂತ ಹಿಂದಿನ ಸಮಯದ ಅಂಕಿಯನ್ನು ಆರ್‌ಆರ್‌ಡಿಟೂಲ್ ಒಪ್ಪುವುದಿಲ್ಲ, ಹೀಗಾಗಿ ಗಡಿಯಾರ ಒಮ್ಮೆ ಮುಂದೋಡಿ ಹಿಂದಕ್ಕೆ ಬಂದರೆ ಆ ಸಮಯ ನಿಜವಾಗಿ ಬರುವವರೆಗೂ ಗ್ರಾಫ್ ಖಾಲಿಯೇ.

ಎರಡನೆಯ ಬಗೆಯ ಬಿರುಕು ಇದಕ್ಕಿಂತ ವಿಚಿತ್ರವಾದುದು. ಠಾಣೆಯ ಹೋಟೆಲಿನ ರೌಟರ್ ಬದಲಿಸಿ ಸಂಪರ್ಕವನ್ನು 100 ಮೆಗಾಬಿಟ್‌ನಿಂದ 200ಕ್ಕೆ ಏರಿಸಿದ ಮೇಲೆ, ಕ್ಯಾಮೆರಾ ದೃಶ್ಯಗಳ ನಕಲು ಹೊರಹೋಗುವ ಹೊತ್ತಿಗೆ ಸರಿಯಾಗಿ ರಾತ್ರಿ ರಾತ್ರಿ ಗೆರೆ ಮಾಯವಾಗುತ್ತಿತ್ತು. ಕಡತ ಹುಟ್ಟಿದಾಗ ಅದರಲ್ಲಿ ಗರಿಷ್ಠ ಮೌಲ್ಯ ಸೆಕೆಂಡಿಗೆ 1,25,00,000 ಬೈಟ್ ಎಂದು ದಾಖಲಾಗಿತ್ತು, ಅಂದರೆ 100 ಮೆಗಾಬಿಟ್. ಅದನ್ನು ಮೀರಿದ್ದೆಲ್ಲ ‘ತಿಳಿಯದು’ ಆಗುತ್ತಿತ್ತು. ಸಂಚಾರ ಅತಿ ಹೆಚ್ಚಾಗಿರುವ ಹೊತ್ತೇ ಖಾಲಿಯಾಗಿ ಕಾಣುವ ಈ ವ್ಯವಸ್ಥೆ ಮೇಲ್ನೋಟಕ್ಕೆ ಅಸಂಬದ್ಧ. ಆದರೆ ರೌಟರ್ ಮರುಚಾಲನೆಯಾಗಿ ಅದು ಇಟ್ಟುಕೊಳ್ಳುವ ಬೈಟ್‌ಗಳ ಎಣಿಕೆ ಸೊನ್ನೆಯಿಂದ ಶುರುವಾದಾಗ ಏಳುವ ಸುಳ್ಳು ಗೋಪುರಗಳನ್ನು ತಡೆಯುವುದೂ ಇದೇ ಮಿತಿ. ಹೊಸ ಕಡತಗಳಿಗೆ ಅಚ್ಚಾಗುವ ಟೆಂಪ್ಲೇಟ್‌ನಲ್ಲಿ ಅಂಕಿ ತಿದ್ದಿದರೆ ಹಳೆಯ ಕಡತಗಳು ಬದಲಾಗುವುದಿಲ್ಲ, ಆರ್‌ಆರ್‌ಡಿಟೂಲ್‌ನ ಟ್ಯೂನ್ ಆಜ್ಞೆಯಿಂದ ಅವನ್ನು ಬೇರೆಯಾಗಿ ತಿದ್ದಬೇಕು. ಇದನ್ನು ಪರದೆಯಲ್ಲಿ ಎದ್ದು ಕಾಣುವಂತೆ ಎಚ್ಚರಿಸಿದ್ದರೆ ನನ್ನ ಎರಡು ಭಾನುವಾರಗಳು ಉಳಿಯುತ್ತಿದ್ದವು. ಅದೇ ಕೈಯಲ್ಲಿ 32 ಬಿಟ್‌ನ ಬದಲು ಹೆಚ್ಚು ದೊಡ್ಡ ಸಂಖ್ಯೆ ಹಿಡಿಸುವ 64 ಬಿಟ್ ಎಣಿಕೆಗೆ ಬದಲಿಸಿಕೊಳ್ಳುವುದು ಒಳ್ಳೆಯದು, ಅದಕ್ಕೆ ಎಸ್‌ಎನ್‌ಎಂಪಿಯ ಎರಡನೆಯ ಆವೃತ್ತಿಯಾದರೂ ಬೇಕು. 200 ಮೆಗಾಬಿಟ್ ವೇಗದಲ್ಲಿ 32 ಬಿಟ್ ಎಣಿಕೆ ಸುಮಾರು 172 ಸೆಕೆಂಡಿಗೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ, ಆಗ ಸಿಗುವುದು ಖಾಲಿ ಜಾಗವೂ ಅಲ್ಲ, ನಂಬಬಹುದಾದಂತೆ ಕಾಣುವ ತಪ್ಪು ಅಂಕಿ.

ಲಾಗ್ ಓದುವ ತಾಳ್ಮೆಯಿರುವ ಒಬ್ಬರು ಕಚೇರಿಯಲ್ಲಿದ್ದರೆ ಮಾತ್ರ ಕ್ಯಾಕ್ಟೈ ಹಾಕಿಕೊಳ್ಳಿ. ಸಂಪರ್ಕ ಕೊಡುವವರೊಂದಿಗೆ ಬಿಲ್ಲಿನ ಜಗಳಕ್ಕೆ ಇದನ್ನು ಸಾಕ್ಷಿಯಾಗಿ ಬಳಸುವವರಾದರೆ ದಿನದ ಗ್ರಾಫನ್ನು ಆ ದಿನವೇ ಉಳಿಸಿಟ್ಟುಕೊಳ್ಳಬೇಕು. ಹಳೆಯ ಅಂಕಿಗಳನ್ನು ಒಟ್ಟುಗೂಡಿಸುವಾಗ, ನಮ್ಮ ಕಡತಗಳಲ್ಲಿರುವಂತೆ, ಅರ್ಧದವರೆಗೆ ಖಾಲಿಯಿದ್ದರೂ ಉಳಿದವುಗಳ ಸರಾಸರಿಯನ್ನೇ ಬರೆಯಲಾಗುತ್ತದೆ; ಅರ್ಧ ಗಂಟೆಯ ಆರು ಅಂಕಿಗಳಲ್ಲಿ ಎರಡು ಕಾಣೆಯಾಗಿದ್ದದ್ದು ತಿಂಗಳ ಗ್ರಾಫಿನಲ್ಲಿ ತೋರುವುದೇ ಇಲ್ಲ.