ಸಂಡೂರಿನಲ್ಲಿ ಡೈನೋಸಾರ್ ಮೂಳೆ ಸಿಕ್ಕಿದೆ ಅಂದರೆ ನಂಬಬೇಡಿ

ಬಳ್ಳಾರಿಯ ಗೆಳೆಯರೇ, ವಾಟ್ಸಾಪ್‌ನಲ್ಲಿ ಯಾರಾದರೂ ಡೈನೋಸಾರ್ ಮೂಳೆ, ಮೊಟ್ಟೆ, ಹಲ್ಲು ಮಾರುತ್ತೇನೆ ಅಂದರೆ ದುಡ್ಡು ಕಳಿಸುವ ಮುಂಚೆ ಇದನ್ನೊಮ್ಮೆ ಓದಿ. ನಾನು 8,500 ರೂಪಾಯಿ ಕಳೆದುಕೊಂಡಿದ್ದೇನೆ.

ನನ್ನ ಮಗಳಿಗೆ ಡೈನೋಸಾರ್ ಅಂದರೆ ಪ್ರಾಣ. ಅವಳ ಹುಟ್ಟುಹಬ್ಬಕ್ಕೆ ಅಂತ ವಾಟ್ಸಾಪ್‌ನಲ್ಲಿ ಒಬ್ಬನಿಂದ ಮೂರು ತುಂಡು ಕೊಂಡೆ: ಒಂದು ಮೊಟ್ಟೆ, ಒಂದು ಹಲ್ಲು, ಒಂದು ಮೂಳೆ. "ಸಂಡೂರು ಗಣಿಯಲ್ಲಿ ಅಗೆಯುವಾಗ ಸಿಕ್ಕಿದ್ದು ಸಾರ್, ರಾಜಾಸಾರಸ್ ಮೂಳೆ" ಅಂದಿದ್ದ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಸಂಡೂರಿನ ಅದಿರಿನ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಡೈನೋಸಾರ್‌ಗಳು ಬಂದಿದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಆ ಬಂಡೆ ಆಗುವಾಗ ಭೂಮಿ ಮೇಲೆ ಮೂಳೆ ಇರುವ ಪ್ರಾಣಿಯೇ ಇರಲಿಲ್ಲ. ರಾಜಾಸಾರಸ್ ಅನ್ನುವ ಡೈನೋಸಾರ್ ಸಿಕ್ಕಿದ್ದು ಗುಜರಾತಿನ ರಯೋಲಿಯಲ್ಲಿ, ಅದಕ್ಕೆ ಹೆಸರಿಟ್ಟಿದ್ದು 2003ರಲ್ಲಿ.

ಭೂವಿಜ್ಞಾನ ಕಲಿಸುವ ಪರಿಚಯದ ಮೇಷ್ಟ್ರಿಗೆ ತೋರಿಸಿದೆ. ಮೊಟ್ಟೆ ಬರೀ ಗುಂಡುಕಲ್ಲು. ನಿಜವಾದ ಮೊಟ್ಟೆಗೆ ಚಿಪ್ಪಿನ ಪದರ ಇರುತ್ತದೆ, ಲೆನ್ಸ್ ಹಿಡಿದರೆ ಅದರ ಮೇಲೆ ಸಣ್ಣ ಗುಳ್ಳೆ, ತೂತು ಕಾಣುತ್ತವೆ. ಇದಕ್ಕೆ ಚಿಪ್ಪೇ ಇಲ್ಲ. ಹಲ್ಲಿನ ತುದಿ ಮಾತ್ರ ಅಸಲಿ. ಬುಡ ಅಂಟಿಗೆ ಮರಳು ಕಲಸಿ ಮಾಡಿದ್ದು. ಯುವಿ ಟಾರ್ಚ್ ಬಿಟ್ಟಾಗ ಅಂಟು ಇದ್ದ ಕಡೆ ಬೇರೆ ಥರ ಹೊಳೆಯಿತು. ಮೊರಾಕೊದಿಂದ ಬರುವ ಸ್ಪೈನೋಸಾರಸ್ ಅನ್ನುವ ಡೈನೋಸಾರ್‌ನ ಹಲ್ಲುಗಳಲ್ಲಿ ಈ ಕೈಚಳಕ ಜಾಸ್ತಿಯಂತೆ.

ಮೂರನೆಯದು ನಿಜವಾದ ಮೂಳೆ. ಒಡೆದ ಕಡೆ ಹೊರಗೆ ಗಟ್ಟಿ ಪದರ, ಒಳಗೆ ಸ್ಪಂಜಿನ ಹಾಗೆ ಜಾಲರಿ. ಜಂಬಿಟ್ಟಿಗೆ ಕಲ್ಲಿನಲ್ಲೂ ತೂತು ಇರುತ್ತವೆ, ಆದರೆ ಅವು ಅಡ್ಡಾದಿಡ್ಡಿ. ಮೇಷ್ಟ್ರು "ಮೂಳೆ ಹೌದು. ಯಾವ ಪ್ರಾಣಿದು ಅಂತ ಮಾತ್ರ ಕೇಳಬೇಡಿ" ಅಂದರು. ಕೀಲಿನ ತುದಿ ಇಲ್ಲದ, ಅಂಗೈ ಅಗಲದ ತುಂಡು ನೋಡಿ ಜಾತಿ ಹೇಳಲು ಆಗುವುದಿಲ್ಲ. ಯಾವ ಊರು, ಬಂಡೆಯ ಯಾವ ಪದರ ಅಂತ ಗೊತ್ತಿದ್ದರೆ ಏನಾದರೂ ಊಹಿಸಬಹುದಿತ್ತು. ಮಾರಿದವನು ಸುಳ್ಳು ಹೇಳಿದ್ದೇ ಅಲ್ಲಿ. ದುಡ್ಡು ಹೋಗಿದ್ದಕ್ಕಿಂತ ಇದೇ ನನಗೆ ಜಾಸ್ತಿ ಸಂಕಟ. ಕೋಟಿಗಟ್ಟಲೆ ವರ್ಷ ಮಣ್ಣಲ್ಲಿ ಉಳಿದಿದ್ದನ್ನು ಕಿತ್ತು ತಂದು, ಅದರ ಊರನ್ನೇ ಅಳಿಸಿಬಿಟ್ಟರಲ್ಲ.

ಕೊಳ್ಳಲೇಬೇಕು ಅನ್ನಿಸಿದರೆ ಸಿಕ್ಕ ಜಾಗ ಕೇಳಿ, ಒಡೆದ ಮುಖದ ಹತ್ತಿರದ ಫೋಟೊ ಕೇಳಿ, ತಿಳಿದವರಿಗೆ ತೋರಿಸಿ. ಮುಂಗಡ ಮಾತ್ರ ಕೊಡಬೇಡಿ.

ಅವನ ನಂಬರ್ ಈಗ ಸ್ವಿಚ್ ಆಫ್. ಮೊನ್ನೆ ಬೇರೆ ನಂಬರಿನಿಂದ ಅದೇ ಮೊಟ್ಟೆಯ ಫೋಟೊ ಬಂತು. ಈ ಸಲ ಲಿಂಗಸುಗೂರಿನ ಹತ್ತಿರ ಸಿಕ್ಕಿದ್ದಂತೆ. ಹಟ್ಟಿ ಚಿನ್ನದ ಗಣಿಯ ಆ ಬಂಡೆಗಳೂ ಸಂಡೂರಿನಷ್ಟೇ ಹಳೇ ಕಾಲದವು. ರಾಯಚೂರು ಕಡೆಯವರಿಗೂ ದಯವಿಟ್ಟು ತಿಳಿಸಿ.